ಪಟ ಹಿಡಿದವನ ಋಣ

ಹೋದ ವರ್ಷ ಅರಣ್ಯ ಹಕ್ಕುಪತ್ರಕ್ಕಾಗಿ ತಾಲ್ಲೂಕು ಕಚೇರಿಯ ಮುಂದೆ ನಡೆದ ಧರಣಿಯ ಛಾಯಾಚಿತ್ರವೊಂದನ್ನು ಈ ಪತ್ರಿಕೆಯ ಮುಖಪುಟದಲ್ಲಿ ಅಚ್ಚು ಹಾಕಿದ್ದೆವು. ಕಾಡಂಚಿನ ಹಾಡಿಯೊಂದರ ಜೇನುಕುರುಬ ಅಜ್ಜಿಯೊಬ್ಬರು ಅರ್ಜಿಯ ಕಾಗದವನ್ನು ಎದೆಗವಚಿಕೊಂಡು ಬಿಸಿಲಿನಲ್ಲಿ ಕುಳಿತಿದ್ದ ಚಿತ್ರ ಅದು. ಓದುಗರು ಮೆಚ್ಚಿ ಕಾಗದ ಬರೆದರು. ಸಮ್ಮೇಳನದ ಭಿತ್ತಿಪತ್ರಕ್ಕೂ ಅದನ್ನೇ ದೊಡ್ಡದು ಮಾಡಿಸಿ ಬಳಸಿದೆವು. ಈಚೆಗೆ ಸದಸ್ಯತ್ವದ ಕೆಲಸಕ್ಕೆಂದು ಅದೇ ಹಾಡಿಗೆ ಹೋದಾಗ ಅಜ್ಜಿ ನಮ್ಮನ್ನು ಗುರುತು ಹಿಡಿದರು. "ಅಲ್ಲಾ ಮೇಷ್ಟ್ರೇ, ನನ್ನ ಪಟ ಹಿಡ್ಕೊಂಡು ಹೋದ್ರಲ್ಲ, ಏನಾಯ್ತು? ಪ್ಯಾಟೇಲಿ ಎಲ್ರೂ ನೋಡವ್ರಂತೆ. ನಾನೊಬ್ಳು ನೋಡ್ಲಿಲ್ಲ" ಎಂದರು.

ನಮ್ಮ ಬಳಿ ಉತ್ತರವಿರಲಿಲ್ಲ. ಅಂದು ಅವರು ಹಿಡಿದು ಕುಳಿತಿದ್ದ ಅರ್ಜಿಯೂ ಇನ್ನೂ ಇತ್ಯರ್ಥವಾಗಿಲ್ಲ. ಅತ್ತ ಪಟ್ಟೆಯೂ ಬರಲಿಲ್ಲ, ಇತ್ತ ಪಟವೂ ಬರಲಿಲ್ಲ. ಉಂಡೂ ಹೋದ ಕೊಂಡೂ ಹೋದ ಎಂಬ ಗಾದೆಯನ್ನು ನಾವು ಸಾಹುಕಾರರ ಮೇಲೆ, ಅಧಿಕಾರಿಗಳ ಮೇಲೆ ಎಷ್ಟು ಸಲ ಪ್ರಯೋಗಿಸಿಲ್ಲ! ಅಂದು ಆ ಗಾದೆ ನಮ್ಮ ಮೇಲೆಯೇ ತಿರುಗಿ ಬಿತ್ತು. ಆ ನಾಚಿಕೆಯೇ ಈ ಬರಹಕ್ಕೆ ಕಾರಣ. ಬಡವರ ಚಿತ್ರವನ್ನು ತೆಗೆಯುವವನು ಬಡವರಿಗೆ ಏನು ಬಾಕಿ ಇದ್ದಾನೆ ಎಂಬ ಪ್ರಶ್ನೆಯನ್ನು ದೂರದ ಒಂದು ದ್ವೀಪದ ಕಥೆಯ ಮೂಲಕ ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ.

ತೈವಾನಿನ ಆಗ್ನೇಯ ಸಮುದ್ರದಲ್ಲಿ ಲಾನ್‌ಯು ಎಂಬ ಪುಟ್ಟ ದ್ವೀಪವಿದೆ. ಸುಮಾರು 45 ಚದರ ಕಿಲೋಮೀಟರು ನೆಲ, ಆರು ಹಳ್ಳಿಗಳು, ಐದು ಸಾವಿರದಷ್ಟು ಜನ. ಅಲ್ಲಿನ ಮೂಲನಿವಾಸಿಗಳು ತಮ್ಮನ್ನು ತಾವೋ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ತಾವೋ ಎಂದರೆ ಮನುಷ್ಯ; ಅವರ ದ್ವೀಪದ ಹೆಸರು 'ಪೊನ್ಸೊ ನೊ ತಾವೋ', ಅಂದರೆ ಮನುಷ್ಯರ ದ್ವೀಪ. ಅವರ ಮಾತು ತೈವಾನಿನ ಚೀನೀ ಭಾಷೆಗೆ ಸಂಬಂಧಿಸಿದ್ದಲ್ಲ. ಬಡಗಣ ಫಿಲಿಪ್ಪೀನ್ಸಿನ ಬಟಾನೆಸ್ ದ್ವೀಪದವರ ಮಾತಿಗೆ ಹತ್ತಿರದ್ದು. ಹಾರುಮೀನು ಅವರ ಅನ್ನ, ಹಬ್ಬ, ಪಂಚಾಂಗ ಎಲ್ಲವೂ. ಮೊಳೆ ಬಳಸದೆ ಹಲಗೆಗಳನ್ನು ಜೋಡಿಸಿ ಅವರು ಕಟ್ಟುವ ದೋಣಿ ಲೋಕಪ್ರಸಿದ್ಧವಾದದ್ದು. ಚಂಡಮಾರುತಗಳ ಹಾದಿಯಲ್ಲಿರುವ ಆ ದ್ವೀಪದಲ್ಲಿ ಅವರು ನೆಲವನ್ನು ಅಗೆದು, ಸುತ್ತ ಕಲ್ಲಿನ ಒಡ್ಡು ಕಟ್ಟಿ, ಮಾಡು ಮಾತ್ರ ಮೇಲೆ ಕಾಣುವಂತೆ ಮನೆ ಕಟ್ಟುತ್ತಿದ್ದರು. ಗಾಳಿ ಮೇಲಿನಿಂದ ಹಾದು ಹೋಗುತ್ತಿತ್ತು, ಮನೆ ಉಳಿಯುತ್ತಿತ್ತು.

ಈ ದ್ವೀಪಕ್ಕೆ ಕ್ಯಾಮೆರಾ ಬಂದದ್ದು ಪ್ರಭುತ್ವದ ಬೆನ್ನಿಗೆ. 1895ರಲ್ಲಿ ತೈವಾನ್ ಜಪಾನಿನ ವಶವಾಯಿತು. 1897ರಲ್ಲಿ ತೋರಿಯಿ ರ್ಯೂಜೊ ಎಂಬ ಜಪಾನೀ ವಿದ್ವಾಂಸರು ಅಲ್ಲಿಗೆ ಹೋಗಿ ಚಿತ್ರ ತೆಗೆದರು. 1899ರಲ್ಲಿ ಅವುಗಳ ಸಂಪುಟ ಟೋಕಿಯೋದಲ್ಲಿ ಪ್ರಕಟವಾಯಿತು. ತೋರಿಯಿ ಶ್ರದ್ಧಾವಂತ ಪಂಡಿತರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಜನರಿಗೆ ಅವರು ಬಳಕೆಗೆ ತಂದ ಹೆಸರು 'ಯಾಮಿ' ಎಂದು. ತಮ್ಮನ್ನು ಮನುಷ್ಯರೆಂದು ಕರೆದುಕೊಳ್ಳುತ್ತಿದ್ದ ಜನ ಸರಕಾರದ ಕಡತಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಬೇರೆಯವರಿಟ್ಟ ಹೆಸರಿನಿಂದಲೇ ಉಳಿದರು. ಜಪಾನೀ ಆಡಳಿತವಂತೂ ದ್ವೀಪವನ್ನು ಹೊರಗಿನವರಿಗೆ ಮುಚ್ಚಿ, ವಿದ್ವಾಂಸರ ಅಧ್ಯಯನಕ್ಕೆ ಮೀಸಲಾದ ವಸ್ತುಸಂಗ್ರಹಾಲಯದಂತೆ ಇಟ್ಟುಕೊಂಡಿತು.

1945ರ ಮೇಲೆ ಬಂದ ಚೀನೀ ಸರಕಾರದ ನೀತಿ ಇದಕ್ಕೆ ತದ್ವಿರುದ್ಧವಾಗಿತ್ತು. ಜಪಾನಿಗಳು ಇದ್ದ ಹಾಗೆಯೇ ಇರಲಿ ಎಂದಿದ್ದರೆ, ಇವರು ನಮ್ಮ ಹಾಗೆಯೇ ಆಗಲಿ ಎಂದರು. 1966ರಿಂದ ನೆಲದೊಳಗಿನ ಹಳೆಯ ಮನೆಗಳನ್ನು ಅನಾಗರಿಕವೆಂದು ಕೆಡವಿಸಿ, ಅವುಗಳ ಜಾಗದಲ್ಲಿ ಕಾಂಕ್ರೀಟಿನ ಸಾಲುಮನೆಗಳನ್ನು ಕಟ್ಟಿಸಲಾಯಿತು. ಕೆಲವೇ ವರ್ಷಗಳಲ್ಲಿ ಆ ಕಾಂಕ್ರೀಟು ಬಿರುಕು ಬಿಟ್ಟು ಉದುರತೊಡಗಿತು. ಕೊನೆಗೆ 1990ರ ದಶಕದಲ್ಲಿ ಅವುಗಳನ್ನು ಮತ್ತೆ ಕಟ್ಟಿಕೊಳ್ಳಲು ಸರಕಾರವೇ ಸಹಾಯಧನ ಕೊಡಬೇಕಾಯಿತು. ಹಳೆಯ ಮನೆಗಳ ಗುಂಪು ಇಂದು ಎರಡು ಹಳ್ಳಿಗಳಲ್ಲಿ ಮಾತ್ರ ಉಳಿದಿದೆ. 1967ರಲ್ಲಿ ಪ್ರವೇಶ ನಿರ್ಬಂಧವನ್ನು ತೆಗೆದ ಬಳಿಕ ಪ್ರವಾಸಿಗಳು ಬಂದರು. ಲಂಗೋಟಿ ಉಟ್ಟ ಮುದುಕರನ್ನು ನಿಲ್ಲಿಸಿ ಪಟ ಹಿಡಿಯುವುದೇ ಅವರ ವಿನೋದವಾಯಿತು. ಕ್ಯಾಮೆರಾ ಕಂಡರೆ ದ್ವೀಪದ ಹಿರಿಯರು ಮುಖ ತಿರುಗಿಸುವ ಕಾಲ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಇಷ್ಟಕ್ಕೇ ನಿಲ್ಲಲಿಲ್ಲ. ತೈವಾನಿನ ಪರಮಾಣು ಸ್ಥಾವರಗಳ ಕಸವನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ 1970ರ ದಶಕದಲ್ಲಿ ಎದ್ದಿತು. ರಾಜಧಾನಿಯ ಅಧಿಕಾರಿಗಳು ಭೂಪಟ ಹರಡಿ ಈ ದ್ವೀಪದ ಮೇಲೆ ಬೆರಳಿಟ್ಟರು. ತಾವೋ ಜನರನ್ನು ಯಾರೂ ಕೇಳಲಿಲ್ಲ. ಕಟ್ಟಡ ಏಳುತ್ತಿದ್ದಾಗ ಅದು ಮೀನಿನ ಡಬ್ಬಿಯ ಕಾರ್ಖಾನೆ ಎಂದು ತಮಗೆ ಹೇಳಲಾಗಿತ್ತೆಂದು ದ್ವೀಪದವರು ಇಂದಿಗೂ ಹೇಳುತ್ತಾರೆ. 1982ರಿಂದ ಪೀಪಾಯಿಗಳು ಬಂದಿಳಿದವು. 1996ರಲ್ಲಿ ಸಾಗಣೆ ನಿಲ್ಲುವ ಹೊತ್ತಿಗೆ ಅವುಗಳ ಸಂಖ್ಯೆ 97,672 ಆಗಿತ್ತು. ದ್ವೀಪದ ಗಂಡಸು, ಹೆಂಗಸು, ಮಗು ಒಬ್ಬೊಬ್ಬರ ಪಾಲಿಗೆ ಇಪ್ಪತ್ತರಷ್ಟು ಪೀಪಾಯಿ!

ಈಗ ನಮ್ಮ ಕಥೆಯ ಮುಖ್ಯ ವ್ಯಕ್ತಿಗೆ ಬರೋಣ. ಕ್ವಾನ್ ಷಿಯಾವೋ-ಜುಂಗ್ 1949ರಲ್ಲಿ ಹುಟ್ಟಿದವರು. ಆಳುವ ಹಾನ್ ಸಮುದಾಯದವರು. ಕಸುಬಿನಿಂದ ಪತ್ರಿಕಾ ಛಾಯಾಗ್ರಾಹಕರು. ಮೊದಲು ಅವರು ಕೀಲುಂಗ್ ಬಂದರಿನ ಬಳಿ ಗುಡಿಸಲು ಹಾಕಿಕೊಂಡು ಮೀನುಗಾರಿಕೆಯ ಹಡಗುಗಳಲ್ಲಿ ದುಡಿಯುತ್ತಿದ್ದ ಅಮಿಸ್ ಎಂಬ ಮೂಲನಿವಾಸಿ ಕೂಲಿಗಳ ನಡುವೆ ಬಾಳಿ ಚಿತ್ರ ತೆಗೆದರು. 1985ರ ನವೆಂಬರಿನಲ್ಲಿ ಆರಂಭವಾದ 'ರೆನ್‌ಜಿಯೆನ್' ಎಂಬ ಮಾಸಪತ್ರಿಕೆಯಲ್ಲಿ ಅವು ಪ್ರಕಟವಾದವು. ಆ ಪತ್ರಿಕೆಯನ್ನು ಸ್ಥಾಪಿಸಿದವರು ಛೆನ್ ಯಿಂಗ್-ಝೆನ್ ಎಂಬ ಕಥೆಗಾರರು. ಎಡಪಂಥೀಯ ವಿಚಾರಗಳಿಗಾಗಿ 1968ರಲ್ಲಿ ಬಂಧಿತರಾಗಿ 1975ರವರೆಗೆ ಸೆರೆಮನೆಯಲ್ಲಿದ್ದವರು. ಪತ್ರಿಕೆ ಶುರುವಾದಾಗ ತೈವಾನಿನಲ್ಲಿ ಇನ್ನೂ ಸೈನಿಕ ಶಾಸನವಿತ್ತು. ಅದು ತೆರವಾದದ್ದು 1987ರ ಜುಲೈಯಲ್ಲಿ. ಅಂಥ ಕಾಲದಲ್ಲಿ ಕೂಲಿಗಳ, ಮೂಲನಿವಾಸಿಗಳ, ಅಂಗವಿಕಲರ ಬಾಳನ್ನು ಚಿತ್ರ ಮತ್ತು ಬರಹಗಳಲ್ಲಿ ಅಚ್ಚು ಹಾಕುವುದೆಂದರೆ ಸಣ್ಣ ಕೆಲಸವಲ್ಲ. 1989ರಲ್ಲಿ ಆ ಪತ್ರಿಕೆ ನಿಂತಿತು. ಸಣ್ಣ ಪತ್ರಿಕೆಗಳ ಹಣೆಬರಹ ಎಲ್ಲೆಡೆಯೂ ಒಂದೇ ಎಂಬುದನ್ನು ಈ ವಾರಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

1987ರಲ್ಲಿ ಕ್ವಾನ್ ಲಾನ್‌ಯುಗೆ ಹೋದರು. ಪ್ರವಾಸಿಯಂತೆ ಎರಡು ದಿನವಲ್ಲ. ಸುಮಾರು ಒಂದು ವರ್ಷ ಅಲ್ಲಿಯೇ ಉಳಿದರು. ಅವರು ತೆಗೆದ ಚಿತ್ರಗಳ ವಿಷಯಗಳನ್ನು ಪಟ್ಟಿ ಮಾಡಿದರೆ ಸಾಕು, ಆ ವರ್ಷದ ಅರ್ಥ ತಿಳಿಯುತ್ತದೆ. ಕುಸಿಯುತ್ತಿದ್ದ ಕಾಂಕ್ರೀಟು ಮನೆಗಳು, ವೈದ್ಯ ಸೌಕರ್ಯವಿಲ್ಲದೆ ನರಳುವ ರೋಗಿಗಳು, ತಾಯ್ನುಡಿಗೆ ಜಾಗವಿಲ್ಲದ ಶಾಲೆ, ಪ್ರವಾಸಿಗಳ ದುಂಡಾವರ್ತನೆ, ಪರಮಾಣು ಕಸ, ಅದರ ವಿರುದ್ಧ ಎದ್ದ ತರುಣರು. ಲಂಗೋಟಿಯ ಮುದುಕನನ್ನು ನೋಡಲು ಬಂದವರ ಕ್ಯಾಮೆರಾಗಳ ನಡುವೆ ಇದೊಂದು ಕ್ಯಾಮೆರಾ ತಿರುಗಿ, ನೋಡಲು ಬಂದವರನ್ನೇ ನೋಡಿತು. ಆ ಚಿತ್ರಗಳು ಬರಹಗಳೊಡನೆ ರೆನ್‌ಜಿಯೆನ್‌ನಲ್ಲಿ ಲೇಖನಮಾಲೆಯಾಗಿ ಬಂದವು.

ಅದೇ ಕಾಲಕ್ಕೆ ದ್ವೀಪ ಎಚ್ಚೆತ್ತಿತ್ತು. 1987ರ ಡಿಸೆಂಬರಿನಲ್ಲಿ ದ್ವೀಪದ ಮುಖಂಡರನ್ನು ಜಪಾನಿನ ಪ್ರವಾಸಕ್ಕೆ ಕರೆದೊಯ್ದು ಒಲಿಸಿಕೊಳ್ಳುವ ಏರ್ಪಾಡು ನಡೆದಾಗ ತಾವೋ ತರುಣರು ವಿಮಾನ ನಿಲ್ದಾಣದಲ್ಲಿಯೇ ಪ್ರತಿಭಟಿಸಿದರು. 1988ರ ಫೆಬ್ರವರಿ 20ರಂದು 'ದುಷ್ಟಶಕ್ತಿಗಳನ್ನು ಓಡಿಸೋಣ' ಎಂಬ ಘೋಷಣೆಯೊಡನೆ ಕಸದ ಕೊಟ್ಟಿಗೆಯ ಮುಂದೆ ಮೆರವಣಿಗೆ ನಡೆಯಿತು. ಹಿರಿಯರು ಬೆತ್ತದ ಶಿರಸ್ತ್ರಾಣ ತೊಟ್ಟು, ಈಟಿ ಹಿಡಿದು ಬಂದರು. ಸತ್ತವರ ಪ್ರೇತಗಳಿಗೆ ಆ ಜನ 'ಅನಿತೊ' ಎನ್ನುತ್ತಾರೆ. ಕಣ್ಣಿಗೆ ಕಾಣದೆ ಮನುಷ್ಯರನ್ನು ಕಾಡುವಂಥವು. ಕಣ್ಣಿಗೆ ಕಾಣದ ವಿಕಿರಣಕ್ಕೂ ಅದೇ ಹೆಸರನ್ನಿಟ್ಟರು. ವಿಜ್ಞಾನಿಗಳು ನಕ್ಕಿರಬಹುದು. ಆದರೆ ಆ ಹೆಸರು ಎಷ್ಟು ಕರಾರುವಾಕ್ಕಾಗಿದೆಯೆಂದು ನಮಗನ್ನಿಸುತ್ತದೆ! 1996ರಲ್ಲಿ ಕಸದ ಹಡಗು ಬಂದಾಗ ಜನ ಬಂದರಿನ ನೀರಿಗೆ ಕಲ್ಲುಬಂಡೆ ಹಾಕಿ ದಾರಿಗಟ್ಟಿದರು. ಹಡಗು ಹಿಂತಿರುಗಿತು, ಆಮೇಲೆ ಹೊಸ ಪೀಪಾಯಿ ಬಂದಿಲ್ಲ. ಹಡಗನ್ನು ತಿರುಗಿಸಿದ್ದು ಆ ಕೈಗಳು, ಆ ಕಲ್ಲುಗಳು. ಯಾವ ಛಾಯಾಚಿತ್ರವೂ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು.

ಹಾಗಾದರೆ ಕ್ವಾನ್ ಮಾಡಿದ್ದಾದರೂ ಏನು? ಅವರು ಬಿಟ್ಟುಹೋಗಲಿಲ್ಲ, ಅಷ್ಟೇ. ಇಪ್ಪತ್ತು ವರ್ಷಗಳ ಮೇಲೂ ಆ ದ್ವೀಪದ ಲೆಕ್ಕ ಅವರಲ್ಲಿ ತೆರೆದೇ ಇತ್ತು. 2007ರಲ್ಲಿ ಬಂದ ಅವರ 'ಲಾನ್‌ಯು ವರದಿ' ಎಂಬ ಪುಸ್ತಕ 1987ರಿಂದ 2007ರವರೆಗಿನ ಕಾಲವನ್ನು ಹೆಸರಿನಲ್ಲಿಯೇ ಹೊತ್ತಿದೆ. ಕಾದಂಬರಿಯಾದರೆ ಕೊನೆಯ ಪುಟ ಮುಗಿದ ಮೇಲೆ ಮುಚ್ಚಿಡಬಹುದು. ವರದಿ ಎಂದ ಮೇಲೆ ಅದು ಒಬ್ಬರಿಗೆ ಒಪ್ಪಿಸುವ ಲೆಕ್ಕ. ಪರಿಸ್ಥಿತಿ ಬದಲಾಗುವವರೆಗೆ ಮುಗಿಯದು.

ಇಲ್ಲಿ ಓದುಗರಲ್ಲಿ ಕೆಲವರು ಒಂದು ಆಕ್ಷೇಪವೆತ್ತಬಹುದು. ಹೆಸರು ಬಂದದ್ದು ಛಾಯಾಗ್ರಾಹಕನಿಗೆ. ಪೀಪಾಯಿಗಳು ಉಳಿದದ್ದು ದ್ವೀಪದವರಿಗೆ. ಹಾಗಿರುವಾಗ ಇದು ಸ್ನೇಹವೋ, ಸಭ್ಯ ರೀತಿಯ ಶೋಷಣೆಯೋ? ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಪೀಪಾಯಿಗಳು ಉಳಿದದ್ದು ನಿಜ. 2002ರ ಮೇ ತಿಂಗಳಲ್ಲಿ ದ್ವೀಪದಲ್ಲಿ ಭಾರೀ ಪ್ರತಿಭಟನೆ ನಡೆಯಿತು. ಕಸವನ್ನು ಸಾಗಿಸುತ್ತೇವೆಂದು ಮಂತ್ರಿಗಳು ಮಾತು ಕೊಟ್ಟರು. ಮಾತು ಮಾತಾಗಿಯೇ ಉಳಿಯಿತು. 2016ರ ಆಗಸ್ಟ್ 1ರಂದು ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಮೂಲನಿವಾಸಿಗಳ ಕ್ಷಮೆ ಕೇಳಿ ಸತ್ಯಶೋಧನೆ ನಡೆಸುವುದಾಗಿ ಸಾರಿದರು. ಜಾಗ ಗೊತ್ತು ಮಾಡುವಾಗ ದ್ವೀಪದವರಿಗೆ ತಿಳಿಸಿರಲಿಲ್ಲವೆಂಬುದು ಆ ತನಿಖೆಯಿಂದ ಸರಕಾರದ ಕಾಗದದಲ್ಲಿಯೇ ದಾಖಲಾಯಿತು. 2019ರಲ್ಲಿ 255 ಕೋಟಿ ತೈವಾನ್ ಡಾಲರು ಪರಿಹಾರ ಘೋಷಣೆಯಾಯಿತು. ತಾವೋ ಜನರಲ್ಲಿ ಅನೇಕರು ಹಣ ಬೇಡ, ಕಸ ತೆಗೆಯಿರಿ ಎಂದರು. 2025ರ ಮೇ 17ರಂದು ತೈವಾನಿನ ಕೊನೆಯ ಪರಮಾಣು ಸ್ಥಾವರವನ್ನೂ ನಿಲ್ಲಿಸಲಾಯಿತು. ಒಲೆ ಆರಿತು, ಬೂದಿ ಮಾತ್ರ ಆ ಒಲೆಯಲ್ಲಿ ಒಂದು ದಿನವೂ ಅಡಿಗೆ ಮಾಡದವರ ಅಂಗಳದಲ್ಲಿ ಬಿದ್ದಿದೆ.

ಆದುದರಿಂದ ಛಾಯಾಚಿತ್ರದಿಂದ ನ್ಯಾಯ ಸಿಗುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಸುಳ್ಳನ್ನು ಸುಲಭವಾಗಿ ಹೇಳಲು ಅದು ಬಿಡುವುದಿಲ್ಲ. ಮೀನಿನ ಕಾರ್ಖಾನೆಯ ಮಾತು ನಡೆದದ್ದು ದ್ವೀಪವನ್ನು ಯಾರೂ ನೋಡದ ಕಾಲದಲ್ಲಿ. ನೋಡುವ ಕಣ್ಣು ಬಂದು, ಅದು ಕಂಡದ್ದು ರಾಜಧಾನಿಯ ಓದುಗರ ಕೈಸೇರಿದ ಮೇಲೆ ಆ ಮಾತನ್ನು ಮತ್ತೆ ಆಡುವ ಧೈರ್ಯ ಯಾರಿಗೂ ಬರಲಾರದು. ಸ್ನೇಹಿತನೊಬ್ಬನಿಂದ ಆಗಬಹುದಾದ ಕೆಲಸ ಇಷ್ಟು. ಅದಕ್ಕಿಂತ ಹೆಚ್ಚಿನದು ಆ ಜನರ ಸಂಘಟನೆಯ ಕೆಲಸ. ಸ್ನೇಹಿತ ನಾಯಕನಾಗಲು ಹೊರಟರೆ ಕೆಲಸ ಕೆಡುತ್ತದೆ. ಇಂದು ಆ ದ್ವೀಪದ ಮಾತನ್ನು ಲೋಕಕ್ಕೆ ಮುಟ್ಟಿಸುತ್ತಿರುವವರಲ್ಲಿ ಶ್ಯಾಮನ್ ರಾಪೊಂಗನ್ ಎಂಬ ತಾವೋ ಲೇಖಕರು ಮುಖ್ಯರು. ಅವರು ತೈಪೆಯಲ್ಲಿ ಓದಿ, ಊರಿಗೆ ಮರಳಿ, ದೋಣಿ ಕಟ್ಟುವುದನ್ನೂ ಮುಳುಗಿ ಮೀನು ಹಿಡಿಯುವುದನ್ನೂ ಹಿರಿಯರಿಂದ ಕಲಿತು ಬರೆದವರು. ಈಗ ತಾವೋ ತರುಣರೇ ಕ್ಯಾಮೆರಾ ಹಿಡಿಯುತ್ತಾರೆ. ಹೊರಗಿನ ಸ್ನೇಹಿತನ ಅಗತ್ಯ ಕಡಿಮೆಯಾಗುತ್ತ ಹೋಗುವುದೇ ಆ ಸ್ನೇಹ ಸಾರ್ಥಕವಾದ ಗುರುತು.

ಇನ್ನೊಂದು ಆಕ್ಷೇಪವೂ ಉಂಟು. ಮೂಲನಿವಾಸಿಗಳನ್ನು ಅವರ ಪಾಡಿಗೆ ಬಿಟ್ಟುಬಿಡಬಾರದೇ? ಸ್ನೇಹವೇಕೆ, ಚಿತ್ರವೇಕೆ? ಈ ಪ್ರಶ್ನೆ ನಮ್ಮ ಚಳವಳಿಗೆ ಹೊಸದಲ್ಲ. 1958ರಲ್ಲಿ ರಾಮಮನೋಹರ ಲೋಹಿಯಾ ಅವರು ಅನುಮತಿಪತ್ರವಿಲ್ಲದೆ ಈಶಾನ್ಯ ಗಡಿ ಪ್ರದೇಶವನ್ನು ಪ್ರವೇಶಿಸಲು ಹೋಗಿ ಬಂಧಿತರಾದರು. ಭಾರತದ ಪ್ರಜೆಗಳಲ್ಲಿ ಒಂದು ಭಾಗವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಕಾಯುವ ನೀತಿಯನ್ನು ಅವರು ಒಪ್ಪಲಿಲ್ಲ. ಆದರೆ ಬೇಲಿ ತೆಗೆದಾಗ ಒಳಗೆ ನುಗ್ಗುವವರು ಯಾರು ಎಂಬುದನ್ನೂ ನಾವು ಕೇಳಲೇಬೇಕು. ನಮ್ಮದೇ ಅಂಡಮಾನಿನ ಉದಾಹರಣೆ ಇದೆ. 1890ರ ದಶಕದಲ್ಲಿ ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿನ ಮೂಲನಿವಾಸಿಗಳನ್ನು ಚೌಕಳಿ ಹಲಗೆಯ ಮುಂದೆ ನಿಲ್ಲಿಸಿ, ಅಳತೆ ಹಿಡಿದು, ಪಟ ತೆಗೆದ. ಚಿತ್ರಗಳು ಲಂಡನ್ನಿನ ಸಂಗ್ರಹಾಲಯಕ್ಕೆ ಸೇರಿದವು. ಆ ಜನಾಂಗ ನೂರರ ಒಳಗಿನ ಸಂಖ್ಯೆಗೆ ಇಳಿಯಿತು. ಸ್ವತಂತ್ರ ಭಾರತದಲ್ಲಿ ಜಾರವಾ ಜನರ ಕಾಡಿನ ನಡುವೆ ಹೆದ್ದಾರಿ ಹಾಯಿಸಿದೆವು. ಅದನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. 2012ರಲ್ಲಿ, ತಿಂಡಿಯ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿ ತೆಗೆದ ಚಲನಚಿತ್ರ ಬೆಳಕಿಗೆ ಬಂದು ದೇಶ ತಲೆ ತಗ್ಗಿಸಬೇಕಾಯಿತು. ಪೋರ್ಟ್‌ಮನ್‌ನ ಕ್ಯಾಮೆರಾ ದೊರೆಯದು, ಇವರದು ಪ್ರವಾಸಿಯದು. ಮುಂದೆ ನಿಂತವನನ್ನು ನೋಡುವ ನೋಟ ಒಂದೇ.

ಜಪಾನಿಗಳ ಗಾಜಿನ ಪೆಟ್ಟಿಗೆಯೂ ಚೀನೀಯರ ಕಾಂಕ್ರೀಟು ಮನೆಯೂ ಹೊರನೋಟಕ್ಕೆ ಎದುರು ನೀತಿಗಳು. ಒಳಗೆ ಎರಡಕ್ಕೂ ಒಂದೇ ದೋಷ. ಎರಡರಲ್ಲಿಯೂ ಆ ಜನರನ್ನು ಕೇಳಲಿಲ್ಲ. ಬೇಲಿ ಇರಬೇಕೋ ಬೇಡವೋ ಎಂಬುದನ್ನು ಬೇಲಿಯೊಳಗಿನವರು ಹೇಳಬೇಕು. ಬಾಗಿಲು ಬೇಡವೆನ್ನುವವರ ಬಾಗಿಲನ್ನು ಒಡೆಯಬಾರದು. ಬಾ ಎಂದವರ ಮನೆಗೆ ಹೋದ ಮೇಲೆ ಉಂಡು ಓಡಬಾರದು.

ಕನ್ನಡಿಗರಿಗೂ ಆ ದ್ವೀಪದ ಸಂಕಟ ತೀರ ಪರಕೀಯವಲ್ಲ. ಕೈಗಾ ಸ್ಥಾವರದ ವಿರುದ್ಧ ದನಿಯೆತ್ತಿ ಶಿವರಾಮ ಕಾರಂತರು 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಲೋಕಸಭೆಗೆ ಸ್ಪರ್ಧಿಸಿ ಸೋತದ್ದು ನೆನಪಿರಬೇಕು. ಚಿನ್ನ ತೆಗೆದು ಮುಗಿದ ಕೋಲಾರದ ಗಣಿಗಳಲ್ಲಿ ಪರಮಾಣು ಕಸ ತುಂಬುವ ಮಾತು 2012ರಲ್ಲಿ ಕೇಳಿಬಂದಾಗ ಅಲ್ಲಿನ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲವೆಂದು ಅಧಿಕಾರಿಗಳು ಹೇಳಬೇಕಾಯಿತು. ಚಿನ್ನ ಹೋಗುವುದು ಒಂದು ಕಡೆಗೆ, ಕಸ ಬರುವುದು ಇನ್ನೊಂದು ಕಡೆಗೆ. ದನಿಯಿಲ್ಲದವರ ಊರನ್ನು ಹುಡುಕಿಕೊಂಡೇ ಕಸ ಹೋಗುತ್ತದೆ.

ಈಗ ನಮ್ಮ ಮನೆಯ ಮಾತು. ಇಂದು ಪ್ರತಿಯೊಬ್ಬ ಸಂಗಾತಿಯ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಅಕ್ಕಿ ಹಂಚಿದರೆ ಪಟ, ಅರ್ಜಿ ಬರೆದುಕೊಟ್ಟರೆ ಪಟ, ಗುಡಿಸಲು ಸುಟ್ಟರೆ ಪಟ. ಅಕ್ಕಿ ತೆಗೆದುಕೊಳ್ಳುವವಳು ತಲೆ ತಗ್ಗಿಸಿದ್ದಾಳೆ, ಕೊಡುವವನು ಕ್ಯಾಮೆರಾ ನೋಡಿ ನಗುತ್ತಿದ್ದಾನೆ. ಇಂಥ ಚಿತ್ರಗಳನ್ನು ಕಾಂಗ್ರೆಸ್ಸಿನವರು, ಭಾಜಪದವರು ಹಾಕಿದಾಗ ನಾವು ಹಾಸ್ಯ ಮಾಡುತ್ತೇವೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದರೆ ನಮ್ಮ ಮುಖವೂ ಅಲ್ಲಿ ನಗುತ್ತಿದೆ.

ಆದ್ದರಿಂದ ಕೆಲವು ಮಾತುಗಳನ್ನು ಪತ್ರಿಕೆಯ ಮಂಡಳಿಯ ಮುಂದೆಯೂ ಸಂಗಾತಿಗಳ ಮುಂದೆಯೂ ಇಡುತ್ತೇವೆ. ಕೇಳದೆ ಯಾರ ಪಟವನ್ನೂ ತೆಗೆಯಕೂಡದು. ಅಚ್ಚಾದ ಪಟದ ಒಂದು ಪ್ರತಿ, ಪತ್ರಿಕೆ ಅಂಚೆಗೆ ಬೀಳುವ ಮುಂಚೆ, ಪಟದಲ್ಲಿರುವವರ ಕೈಸೇರಬೇಕು. ಚಿತ್ರದ ಕೆಳಗೆ 'ಆದಿವಾಸಿ ಮಹಿಳೆ', 'ಕೂಲಿಕಾರ' ಎಂದು ಬರೆಯುವುದನ್ನು ಬಿಟ್ಟು, ಅವರು ಒಪ್ಪಿದರೆ ಅವರೇ ಹೇಳಿದ ಹೆಸರನ್ನು ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಚಿತ್ರದೊಡನೆ ಪ್ರಕಟವಾದ ಬೇಡಿಕೆ ಏನಾಯಿತೆಂಬುದನ್ನು ವರ್ಷಕ್ಕೊಮ್ಮೆಯಾದರೂ ಅದೇ ಜಾಗದಲ್ಲಿ ಅಚ್ಚು ಹಾಕಬೇಕು. ಬೇಡಿಕೆ ಈಡೇರದಿದ್ದರೆ ಈಡೇರಿಲ್ಲವೆಂದು ಬರೆಯೋಣ. ಖರ್ಚು ಹೆಚ್ಚೆಂದು ವ್ಯವಸ್ಥಾಪಕರು ಹೇಳಬಹುದು. ಒಂದು ಪಟದ ಪ್ರತಿಗೆ ತಗಲುವ ಖರ್ಚು ಒಂದು ಹೊತ್ತಿನ ಕಾಫಿ-ತಿಂಡಿಯಷ್ಟೂ ಇಲ್ಲ.

ಕ್ವಾನ್ ಅವರಂತೆ ಒಂದು ವರ್ಷ ಹಾಡಿಯಲ್ಲಿ ನೆಲೆಸುವುದು ನಮ್ಮಲ್ಲಿ ಎಲ್ಲರಿಂದ ಆಗದಿರಬಹುದು. ಆದರೆ ಮರಳಿ ಹೋಗುವುದು ಎಲ್ಲರಿಂದಲೂ ಆಗುವ ಕೆಲಸ. ಕಳೆದ ಭಾನುವಾರ ಅಜ್ಜಿಯ ಪಟವನ್ನು ಕಟ್ಟು ಹಾಕಿಸಿಕೊಂಡು ಹಾಡಿಗೆ ಹೋಗಿದ್ದೆವು. ಬಹಳ ಹೊತ್ತು ನೋಡಿ, "ಕಾಗ್ದ ಕಾಣ್ತದೆ, ನಾನೂ ಕಾಣ್ತೀನಿ. ಜಮೀನು ಮಾತ್ರ ಕಾಣಲ್ಲ" ಎಂದರು. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಅರ್ಜಿಯ ನಕಲು ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಕೂರುತ್ತೇವೆ. ಅಜ್ಜಿಯೂ ಬರುತ್ತಾರೆ. ಬರುವ ಸಂಗಾತಿಗಳು ಪಟ ತೆಗೆಯುವುದಾದರೆ ಮೊದಲು ಅವರನ್ನು ಕೇಳಲಿ.